ಮೆಲ್ಬರ್ನ್‌ಗೆ ಹೋದಾಗ ಎಲ್ಲಿ ಊಟ ಮಾಡೋಣ?

ಪರದೇಶಕ್ಕೆ ಹೋದಾಗಿನ ಊಟ-ತಿಂಡಿ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಕಳೆದ ತಿಂಗಳು ಹೇಳಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಊರಿನ ಬಗ್ಗೆ. ಮಗ ಅಲ್ಲಿ ಓದುತ್ತಿದ್ದಾನೆ, ಮಗಳಿಗೆ ಅಲ್ಲಿ ಕೆಲಸ, ಮೊಮ್ಮಗು ಹುಟ್ಟಿದೆ, ಕ್ರಿಕೆಟ್ ನೋಡಬೇಕು. ಕಾರಣ ಬೇರೆ ಬೇರೆ, ಊರು ಮಾತ್ರ ಮೆಲ್ಬರ್ನ್. ಹಾಗಾಗಿ ಈ ಸಲದ ಪುಟ ಪೂರ್ತಿ ಆ ಊರಿಗೇ. ನಾನು ಅಲ್ಲಿ ಆರು ವರ್ಷ ಸಂಸಾರ ಮಾಡಿದವಳು. ನಾನು ಮೊಟ್ಟೆಯನ್ನೂ ತಿನ್ನುವುದಿಲ್ಲ, ನಮ್ಮ ಯಜಮಾನರಿಗೆ ಮೀನಿಲ್ಲದೆ ಊಟ ಸೇರುವುದಿಲ್ಲ. ಎರಡೂ ಕಡೆಯವರ ಕಷ್ಟ ಕಂಡಿದ್ದೇನೆ. ಮೊದಲು ನಿಮ್ಮ ಪತ್ರ, ಅದರ ಕೆಳಗೆ ನನ್ನ ಉತ್ತರ.

ನಾನು, ನಮ್ಮವರು ಇಬ್ಬರೂ ಶುದ್ಧ ಸಸ್ಯಾಹಾರಿಗಳು. ಮೊಟ್ಟೆಯೂ ಇಲ್ಲ. ಎರಡು ತಿಂಗಳು ಮಗನ ಮನೆಗೆ ಹೋಗುತ್ತಿದ್ದೇವೆ. ಹೊರಗೆ ಹೋದಾಗ ನಮಗೆ ಏನಾದರೂ ಸಿಗುತ್ತದಾ? ಇಲ್ಲಿಂದಲೇ ಕಟ್ಟಿಕೊಂಡು ಹೋಗಬೇಕಾ?
*ಒಬ್ಬ ಅಮ್ಮ, ಹಾಸನ*

ಅಮ್ಮಾ, ಖಂಡಿತ ಸಿಗುತ್ತದೆ, ಹೆದರಬೇಡಿ. ಆದರೆ ಒಂದು ವಿಷಯ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಅಲ್ಲಿ ವೆಜಿಟೇರಿಯನ್ ಅಂದರೆ ಮಾಂಸ, ಮೀನು ಇಲ್ಲದ್ದು ಅಂತ ಮಾತ್ರ ಅರ್ಥ. ಮೊಟ್ಟೆ ಧಾರಾಳವಾಗಿ ಇರುತ್ತದೆ. ನಮ್ಮಲ್ಲಿ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿ ನಿಶ್ಚಿಂತೆಯಾಗಿ ತಿನ್ನುತ್ತೇವಲ್ಲ, ಆ ಪದ್ಧತಿ ಅಲ್ಲಿಲ್ಲ. ಹೋಟೆಲ್ ಮೆನುವಿನಲ್ಲಿ ತಿಂಡಿಯ ಹೆಸರಿನ ಪಕ್ಕ ಸಣ್ಣದಾಗಿ 'ವಿ' ಅಂತ ಇದ್ದರೆ ಸಾಮಾನ್ಯವಾಗಿ ವೆಜಿಟೇರಿಯನ್, 'ವಿಜಿ' ಅಥವಾ 'ವಿಇ' ಅಂತ ಇದ್ದರೆ ವೀಗನ್. ವೀಗನ್ ಅಂದರೆ ಹಾಲು, ಮೊಟ್ಟೆ, ಜೇನು ಯಾವುದೂ ಇಲ್ಲ. ಹಾಲು-ಮೊಸರು ನಿಮಗೆ ನಡೆಯುತ್ತದೆ ಅನ್ನುವುದು ನಿಜ, ಆದರೂ ಗೊತ್ತಿಲ್ಲದ ಜಾಗದಲ್ಲಿ ಕಣ್ಣು ಮುಚ್ಚಿ ವೀಗನ್ ತಗೊಳ್ಳಿ. ಮೊಟ್ಟೆಯ ಚಿಂತೆ ಅಲ್ಲಿಗೆ ತೀರುತ್ತದೆ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣದ್ದು. ನಾನು ಹೋದ ಹೊಸದರಲ್ಲಿ ಒಂದು ಇಟಾಲಿಯನ್ ಹೋಟೆಲಿನಲ್ಲಿ ಅಣಬೆ ರಿಸೊಟ್ಟೊ ತಿಂದೆ. ಅನ್ನ, ಅಣಬೆ, ಚೀಸ್, ಬೇರೇನೂ ಕಾಣಲಿಲ್ಲ. ಬಹಳ ರುಚಿಯಾಗಿತ್ತು. ಎರಡನೇ ಸಲ ಹೋದಾಗ ಜೊತೆಗಿದ್ದ ಗೆಳತಿ ಕೇಳಿದಳು, ಅನ್ನ ಯಾವುದರಲ್ಲಿ ಬೇಯಿಸುತ್ತೀರಿ ಅಂತ. ಕೋಳಿ ಬೇಯಿಸಿದ ನೀರಿನಲ್ಲಿ ಅಂದರು. ಅವರದು ಮೋಸವೇನಲ್ಲ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದು ಬೇರೆಯವರಿಗೆ ಸಣ್ಣ ವಿಷಯ ಇರಬಹುದು, ನಮ್ಮಂಥವರಿಗೆ ಅಲ್ಲ ಅಲ್ವಾ?

ಅವತ್ತಿನಿಂದ ಯಾವ ಹೋಟೆಲಿಗೆ ಹೋದರೂ ಎರಡು ಪ್ರಶ್ನೆ ಕೇಳುತ್ತೇನೆ. ಯಾವ ಸ್ಟಾಕ್ ಹಾಕಿದ್ದೀರಿ? ಯಾವ ಸಾಸ್ ಹಾಕಿದ್ದೀರಿ? ಸ್ಟಾಕ್ ಅಂದರೆ ಬೇಯಿಸಿದ ಕಟ್ಟು. ಸೂಪು, ರಿಸೊಟ್ಟೊ, ನೂಡಲ್ಸ್ ಎಲ್ಲದರಲ್ಲೂ ಅದು ಇರಬಹುದು. ವಿಯೆಟ್ನಾಂ, ಥಾಯ್ ಅಡುಗೆಯಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ, ಚೀನಾದವರದ್ದರಲ್ಲಿ ಆಯ್ಸ್ಟರ್ ಅಂದರೆ ಸಿಂಪಿಯ ಸಾಸ್. ಪಾರ್ಮೆಸಾನ್ ಚೀಸ್ ತಿನ್ನುವವರು ಇನ್ನೊಂದು ತಿಳಿದಿರಬೇಕು. ಇಟಲಿಯ ಅಸಲಿ ಪಾರ್ಮಿಜಾನೊದಲ್ಲಿ ಹಾಲು ಒಡೆಸುವುದಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಬೇಡದಿದ್ದರೆ ಚೀಸ್ ಉದುರಿಸಬೇಡಿ ಅಂತ ಹೇಳಿ. ಮೊಸರಿನ ಡಬ್ಬಿ ತರುವಾಗಲೂ ಹಿಂದೆ ತಿರುಗಿಸಿ ನೋಡಿ, ಕೆಲವದರಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವ ಜೆಲಾಟಿನ್ ಇರುತ್ತದೆ. ಕೇಳುವುದಕ್ಕೆ ಸಂಕೋಚ ಬೇಡ. ಅಲರ್ಜಿ, ಧರ್ಮ, ಪಥ್ಯ ಅಂತ ಅಲ್ಲಿ ದಿನಕ್ಕೆ ನೂರು ಜನ ಕೇಳುತ್ತಾರೆ, ಯಾರೂ ಮುಖ ಸಿಂಡರಿಸುವುದಿಲ್ಲ. ಇಂಗ್ಲಿಷ್ ಕಷ್ಟ ಆದರೆ ಮಾಂಸ, ಮೀನು, ಮೊಟ್ಟೆ, ಕೋಳಿ ಕಟ್ಟು, ಮೀನಿನ ಸಾಸ್ ಯಾವುದೂ ಬೇಡ ಅಂತ ಮಗನ ಕೈಲಿ ಒಂದು ಚೀಟಿ ಬರೆಸಿ ಪರ್ಸಿನಲ್ಲಿ ಇಟ್ಟುಕೊಳ್ಳಿ. ನಮ್ಮತ್ತೆ ಹಾಗೇ ಮಾಡುತ್ತಿದ್ದರು. ಒಬ್ಬರೇ ಹೋಗಿ ಊಟ ಮಾಡಿಕೊಂಡು ಬರುತ್ತಿದ್ದರು.

ಕಟ್ಟಿಕೊಂಡು ಹೋಗುವ ವಿಷಯ: ವಿಮಾನದಲ್ಲಿ ಕೊಡುವ ಫಾರ್ಮಿನಲ್ಲಿ ಆಹಾರ ಇದೆಯಾ ಅಂತ ಕೇಳುತ್ತಾರೆ. ಚಟ್ನಿಪುಡಿ ಒಂದು ಚಮಚ ಇದ್ದರೂ 'ಹೌದು' ಅಂತಲೇ ಬರೆಯಿರಿ. ತೋರಿಸಿದರೆ ಏನೂ ಆಗುವುದಿಲ್ಲ, ಹೆಚ್ಚೆಂದರೆ ತೆಗೆದು ಬಿಸಾಕುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸಾವಿರಾರು ಡಾಲರ್ ದಂಡ. ಪೇಡ, ಬರ್ಫಿಯಂಥ ಹಾಲಿನ ಸಿಹಿ, ಹಸಿ ಕರಿಬೇವು, ಹಣ್ಣು-ತರಕಾರಿ ಒಯ್ಯಲೇಬೇಡಿ. ಹಾಸನದಿಂದ ಅಷ್ಟು ದೂರ ಕರಿಬೇವು ಹೊತ್ತುಕೊಂಡು ಹೋಗುವ ಅಗತ್ಯವೂ ಇಲ್ಲ, ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಅಲ್ಲೇ ಬೆಳೆದದ್ದು ಸಿಗುತ್ತದೆ.

ನಾವು ಗಂಡ-ಹೆಂಡತಿ ಐದು ದಿನ ಸಿಟಿ ಮಧ್ಯದ ಹೋಟೆಲಿನಲ್ಲಿ ಇರುತ್ತೇವೆ. ಕಾರು ಇಲ್ಲ. ನಡೆದು ಹೋಗುವಷ್ಟು ದೂರದಲ್ಲಿ ಎಲ್ಲೆಲ್ಲಿ ತಿನ್ನಬಹುದು?
*ಬೆಂಗಳೂರು, ಜಯನಗರ*

ನಿಮ್ಮ ಅದೃಷ್ಟ ಚೆನ್ನಾಗಿದೆ. ಸಿಟಿ ಮಧ್ಯಭಾಗದಲ್ಲಿ ಟ್ರಾಮ್ ಫ್ರೀ. 2015ರಿಂದ ಈ ವ್ಯವಸ್ಥೆ ಇದೆ, ಕಾರ್ಡ್ ಕೂಡ ಮುಟ್ಟಿಸಬೇಕಿಲ್ಲ. ಫ್ರೀ ವಲಯ ಎಲ್ಲಿ ಮುಗಿಯುತ್ತದೆ ಅಂತ ಟ್ರಾಮ್ ಒಳಗೇ ಹೇಳುತ್ತಾರೆ. ಅದರಾಚೆ ಹೋಗುವುದಾದರೆ ಮೈಕಿ ಅನ್ನುವ, ದುಡ್ಡು ತುಂಬಿಸಿ ಬಳಸುವ ಪ್ರಯಾಣದ ಕಾರ್ಡ್ ಬೇಕು.

ಬೆಳಗ್ಗೆ ಡಿಗ್ರೇವ್ಸ್ ಸ್ಟ್ರೀಟ್ ಕಡೆ ಹೋಗಿ. ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ ಎದುರಿಗೇ ಇದೆ. ನಮ್ಮ ಚಿಕ್ಕಪೇಟೆಯ ಗಲ್ಲಿಯಷ್ಟೇ ಅಗಲ, ಎರಡೂ ಬದಿಗೆ ಕುರ್ಚಿ ಹಾಕಿಕೊಂಡು ಕೆಫೆಗಳು. ಅದನ್ನು ದಾಟಿ ಮುಂದೆ ಹೋದರೆ ಸೆಂಟರ್ ಪ್ಲೇಸ್, ಇನ್ನೂ ಕಿರಿದು. ಟೋಸ್ಟ್ ಮೇಲೆ ಬೆಣ್ಣೆಹಣ್ಣು ಅರೆದು ಹಾಕಿ ನಿಂಬೆ ಹಿಂಡಿ ಕೊಡುತ್ತಾರೆ. 20 ಡಾಲರ್ ಮೇಲೆ ಆಗುತ್ತದೆ, ಆದರೆ ಒಂದು ಪ್ಲೇಟ್ ಇಬ್ಬರಿಗೆ ಸಾಕು. ಒಂದು ಎಚ್ಚರಿಕೆ. ಕೆಫೆಗಳು ಮಧ್ಯಾಹ್ನ 3 ಗಂಟೆ ಹೊತ್ತಿಗೆ ಕುರ್ಚಿ ಮಡಚುತ್ತವೆ. ಸಂಜೆ 5 ಗಂಟೆಗೆ ಕಾಫಿ-ತಿಂಡಿ ಅಂತ ಹೊರಡುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ರಾತ್ರಿ ಊಟವೂ ಬೇಗ. 9 ಗಂಟೆಗೆ ಹೋದರೆ ಬಹಳ ಕಡೆ ಅಡುಗೆಮನೆ ಮುಚ್ಚಿದೆ ಅನ್ನುತ್ತಾರೆ. ಆರೂವರೆಗೆಲ್ಲ ಕೂತುಬಿಡಿ.

ಬೋರ್ಕ್ ಸ್ಟ್ರೀಟಿನ ಮೇಲ್ತುದಿಯಲ್ಲಿ ಪೆಲಿಗ್ರೀನೀಸ್ ಇದೆ. 1954ರಲ್ಲಿ ಶುರುವಾದ ಜಾಗ, ಎತ್ತರದ ಸ್ಟೂಲ್ ಮೇಲೆ ಕೂತು ತಿನ್ನಬೇಕು. ಎಸ್ಪ್ರೆಸೊ ಯಂತ್ರ ಆ ಊರಿಗೆ ಕಾಲಿಟ್ಟ ಕಾಲದ್ದು. ಯುದ್ಧ ಮುಗಿದ ಮೇಲೆ ಇಟಲಿಯಿಂದ, ಗ್ರೀಸಿನಿಂದ ಹೊಟ್ಟೆಪಾಡಿಗೆ ಬಂದವರು ಆ ಊರಿನ ನಾಲಿಗೆಯನ್ನೇ ಬದಲಾಯಿಸಿದರು, ಅದನ್ನು ಇಲ್ಲಿ ನೋಡಬಹುದು. ಅಲ್ಲಿಂದ ಒಂದು ರಸ್ತೆ ಈಚೆಗೆ ಲಿಟಲ್ ಬೋರ್ಕ್ ಸ್ಟ್ರೀಟ್. ಅದೇ ಚೈನಾಟೌನ್. 1850ರ ದಶಕದಲ್ಲಿ ಚಿನ್ನದ ಗಣಿಗೆ ಅಂತ ಬಂದ ಚೀನೀಯರು ಕಟ್ಟಿದ ಬೀದಿ, ಇವತ್ತಿಗೂ ರಾತ್ರಿ ತಡವಾಗಿ ಊಟ ಸಿಗುವುದು ಅಲ್ಲೇ. ಅಲ್ಲಿಂದ ಸ್ವಲ್ಪ ಮೇಲೆ, ಲಾನ್ಸ್‌ಡೇಲ್ ಸ್ಟ್ರೀಟ್ ಮೂಲೆಯಲ್ಲಿ ಸ್ಟಾಲಕ್ಟೈಟ್ಸ್ ಅನ್ನುವ ಗ್ರೀಕ್ ಹೋಟೆಲ್, 1978ರದ್ದು. ಹೆಸರಿಗೆ ತಕ್ಕ ಹಾಗೆ ಛಾವಣಿಯಿಂದ ಗುಹೆಯ ಕಲ್ಲಿನಂತೆ ಗಾರೆ ಇಳಿಬಿದ್ದಿದೆ. ಮಾಂಸಾಹಾರಿಗಳು ಸುವ್ಲಾಕಿ, ಅಂದರೆ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ ತಿನ್ನುತ್ತಾರೆ. ಸಸ್ಯಾಹಾರಿಗಳಿಗೆ ಬಿಸಿ ಪೀಟಾ ರೊಟ್ಟಿ, ಮೊಸರು-ಸೌತೆಕಾಯಿಯ ಜಾಜಿಕಿ. ನಮ್ಮ ಸೌತೆಕಾಯಿ ಮೊಸರುಬಜ್ಜಿಗೆ ಬೆಳ್ಳುಳ್ಳಿ ಹಾಕಿ ಗಟ್ಟಿ ಮಾಡಿದಂತೆ ಇರುತ್ತದೆ.

ಖರ್ಚು ಕಡಿಮೆ ಮಾಡಬೇಕು ಅನ್ನಿಸಿದ ದಿನ ಸ್ವಾನ್‌ಸ್ಟನ್ ಸ್ಟ್ರೀಟಿನಲ್ಲಿ ಹರೇ ಕೃಷ್ಣದವರು ನಡೆಸುವ ಕ್ರಾಸ್‌ವೇಸ್‌ಗೆ ಹೋಗಿ. ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು. ವಾರದ ದಿನಗಳಲ್ಲಿ ಮಧ್ಯಾಹ್ನ ಮಾತ್ರ. ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲದ ಊಟ, ವಿದ್ಯಾರ್ಥಿಗಳು, ಆಫೀಸಿನವರು ಎಲ್ಲ ಸಾಲಿನಲ್ಲಿ ನಿಂತಿರುತ್ತಾರೆ. ಒಂದು ಸಂಜೆ ಸಿಟಿಯ ಉತ್ತರಕ್ಕೆ ಕಾರ್ಲ್‌ಟನ್‌ನ ಲೈಗನ್ ಸ್ಟ್ರೀಟಿಗೆ ನಡೆದು ಹೋಗಿ, ಇಟಲಿಯವರ ಬೀದಿ. ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಅಂತ ಕರೆಯುವ ಕಡೆಗಿಂತ, ಸುಮ್ನೆ ತಮ್ಮ ಪಾಡಿಗೆ ತಾವು ಇರುವ ಕಡೆ ಊಟ ಚೆನ್ನಾಗಿರುತ್ತದೆ ಅನ್ನುವುದು ನನ್ನ ಅನುಭವ.

ನಮ್ಮ ಮಗ ಮೂರು ವಾರ ಬರೀ ಇಂಡಿಯನ್ ಹೋಟೆಲಿಗೇ ಕರೆದುಕೊಂಡು ಹೋದ. ಮುಂದಿನ ವರ್ಷ ಮತ್ತೆ ಹೋಗುತ್ತೇವೆ. ನೀವಾದರೆ ಒಂದೇ ಒಂದು ಊಟಕ್ಕೆ ಎಲ್ಲಿಗೆ ಹೋಗುತ್ತೀರಿ? ನಾವು ಸಸ್ಯಾಹಾರಿಗಳು, ಖಾರ ಬೇಕು.
*ಧಾರವಾಡ*

ಯೋಚನೆ ಮಾಡದೆ ಹೇಳುತ್ತೇನೆ. ಫುಟ್ಸ್‌ಕ್ರೇ, ಇಥಿಯೋಪಿಯಾದವರ ಊಟ.

ಫುಟ್ಸ್‌ಕ್ರೇ ಸಿಟಿಯ ಪಶ್ಚಿಮಕ್ಕಿದೆ. ರೈಲಿನಲ್ಲಿ ಹತ್ತು-ಹದಿನೈದು ನಿಮಿಷ. ಮೊದಲು ಕಾರ್ಖಾನೆ, ಕೂಲಿಕಾರರ ಊರು. 1975ರಲ್ಲಿ ವಿಯೆಟ್ನಾಂ ಯುದ್ಧ ಮುಗಿದ ಮೇಲೆ ಅಲ್ಲಿಂದ ನಿರಾಶ್ರಿತರಾಗಿ ಬಂದವರು ನೆಲೆ ನಿಂತರು, ಆಮೇಲೆ ಇಥಿಯೋಪಿಯಾ, ಎರಿಟ್ರಿಯಾ, ಸುಡಾನ್ ಕಡೆಯವರು. ಸ್ಟೇಷನ್ ಇಳಿದು ಅರ್ವಿಂಗ್ ಸ್ಟ್ರೀಟ್, ನಿಕಲ್ಸನ್ ಸ್ಟ್ರೀಟ್ ಸುತ್ತ ಹತ್ತು ನಿಮಿಷ ಓಡಾಡಿದರೆ ಹೋಟೆಲ್‌ಗಳು ತಾವಾಗಿಯೇ ಕಾಣುತ್ತವೆ. ಅಲಂಕಾರ ಹೆಚ್ಚಿರುವುದಿಲ್ಲ. ಒಳಗೆ ಅವರದೇ ಜನ ಕೂತು ಉಣ್ಣುತ್ತಿದ್ದರೆ ಧೈರ್ಯವಾಗಿ ಒಳಗೆ ಹೋಗಿ.

'ಬೆಯಾಯ್ನೆಟು' ಕೊಡಿ ಅಂತ ಕೇಳಿ. ಹೇಳಲು ಬಾರದಿದ್ದರೆ ಫಾಸ್ಟಿಂಗ್ ಫುಡ್ ಅಂದರೂ ಸಾಕು. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ವ್ರತ. ನಮ್ಮಲ್ಲಿ ಸೋಮವಾರ, ಶನಿವಾರ ಒಪ್ಪತ್ತು ಇದ್ದ ಹಾಗೆ. ಆ ದಿನ ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಇಲ್ಲ. ಹಾಗಾಗಿ ಅವರ ಸಸ್ಯಾಹಾರ ಯಾರನ್ನೋ ಮೆಚ್ಚಿಸುವುದಕ್ಕೆ ನಿನ್ನೆ ಮೊನ್ನೆ ಮೆನುವಿಗೆ ಸೇರಿಸಿದ್ದಲ್ಲ, ನೂರಾರು ವರ್ಷದಿಂದ ಮನೆಯಲ್ಲಿ ಮಾಡಿಕೊಂಡು ಬಂದದ್ದು. ತಿಂದರೆ ಆ ವ್ಯತ್ಯಾಸ ಗೊತ್ತಾಗುತ್ತದೆ.

ಊಟ ಬರುವುದು ಒಂದು ದೊಡ್ಡ ದುಂಡನೆ ತಟ್ಟೆಯಲ್ಲಿ. ತಟ್ಟೆ ತುಂಬ ಇಂಜೆರಾ ಅನ್ನುವ ಹುಳಿ ರೊಟ್ಟಿ ಹಾಸಿರುತ್ತಾರೆ. ನಮ್ಮ ಸೆಟ್ ದೋಸೆಯ ಮೇಲೆ ಕಣ್ಣು ಕಣ್ಣಾಗಿ ತೂತು ಬೀಳುತ್ತವಲ್ಲ, ಹಾಗೇ ತೂತು. ಬಣ್ಣ ತೆಳು ಬೂದು. ಮುಟ್ಟಿದರೆ ಮೆತ್ತಗೆ, ಸ್ವಲ್ಪ ತೇವ. ಹಿಟ್ಟು ಕಲಸಿ ಕೆಲವು ದಿನ ಹುಳಿ ಬರಿಸಿ, ಒಂದೇ ಕಡೆ ಬೇಯಿಸುತ್ತಾರೆ. ಟೆಫ್ ಅನ್ನುವ ಕಾಳಿನದು, ರಾಗಿಗಿಂತಲೂ ಸಣ್ಣ ಕಾಳು. ರಾಗಿಯೂ ಸಾವಿರಾರು ವರ್ಷದ ಹಿಂದೆ ಪೂರ್ವ ಆಫ್ರಿಕಾದ ಆ ಗುಡ್ಡನಾಡಿನ ಕಡೆಯಿಂದಲೇ ನಮ್ಮ ಹೊಲಕ್ಕೆ ಬಂದದ್ದು. ಮೊದಲ ತುತ್ತಿಗೆ ಹುಳಿ ಜಾಸ್ತಿ ಅನ್ನಿಸುತ್ತದೆ, ಮೂರನೇ ತುತ್ತಿಗೆ ಅದಿಲ್ಲದೆ ಸಪ್ಪೆ ಅನ್ನಿಸುತ್ತದೆ.

ಅದರ ಮೇಲೆ ಗುಡ್ಡೆ ಗುಡ್ಡೆಯಾಗಿ ಪಲ್ಯ, ಗೊಜ್ಜು. ಮಿಸಿರ್ ಅಂದರೆ ಕೆಂಪು ಮಸೂರ ಬೇಳೆ, ಬರ್ಬೆರೆ ಅನ್ನುವ ಮೆಣಸಿನ ಮಸಾಲೆ ಹಾಕಿ ಗಟ್ಟಿಯಾಗಿ ಕುದಿಸಿದ್ದು. ಖಾರ ಚುರುಕ್ ಅನ್ನುತ್ತದೆ, ನಿಮಗೆ ಹಿಡಿಸುತ್ತದೆ. ಗೊಮೆನ್ ಅಂದರೆ ಸೊಪ್ಪಿನ ಪಲ್ಯ. ಕೋಸು, ಗಜ್ಜರಿ, ಆಲೂಗಡ್ಡೆ ಅರಿಶಿನದ ಜೊತೆ ಬೇಯಿಸಿದ್ದು ಒಂದು ಕಡೆ. ನಡುವೆ ಶಿರೋ. ಧಾರವಾಡದವರಿಗೆ ಶಿರೋ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಕಡಲೆ ಹಿಟ್ಟು, ಬೆಳ್ಳುಳ್ಳಿ, ಖಾರ ಹಾಕಿ ಕುದಿಸಿದ್ದು. ತೆಳ್ಳಗಿನ ಜುಣಕ ಅಂದುಕೊಳ್ಳಿ. ನಮ್ಮಪ್ಪನ ಕಡೆಯವರು ಗದಗಿನವರು. ದೊಡ್ಡಮ್ಮನನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಶಿರೋ ಬಾಯಿಗಿಟ್ಟು ಒಂದು ಕ್ಷಣ ಸುಮ್ಮನಾದರು, ಆಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಗಸಿಗೆ ಕನ್ನಡದಲ್ಲೇ 'ಭಾಳ ಚಲೋ ಆಗೇದವಾ' ಅಂದರು. ಆಕೆಗೆ ಅರ್ಥವಾಯಿತು. ಇನ್ನೊಂದು ಸೌಟು ತಂದು ಬಡಿಸಿದಳು.

ಚಮಚ ಕೊಡುವುದಿಲ್ಲ. ಬಲಗೈಯಲ್ಲಿ ಇಂಜೆರಾ ಹರಿದು, ಪಲ್ಯ ಹಿಡಿದು ತಿನ್ನುವುದು, ನಮಗೇನು ಕಲಿಸಬೇಕಿಲ್ಲ ಅಲ್ವಾ? ಎಲ್ಲರೂ ಒಂದೇ ತಟ್ಟೆಯಿಂದ ತಿನ್ನುತ್ತಾರೆ, ಅದು ಬೇಡ ಅನ್ನುವವರು ಬೇರೆ ತಟ್ಟೆ ಕೇಳಬಹುದು. ವ್ರತದ ಅಡುಗೆ ಅಲ್ಲದ ತಟ್ಟೆಯಲ್ಲಿ ಮಾಂಸ ಇರಬಹುದು, ಕೇಳಿಕೊಂಡೇ ತಗೊಳ್ಳಿ. ಬರೀ ಮಸಾಲೆ ಹಾಕಿ ಕಾಯಿಸಿದ ತುಪ್ಪ ಇದ್ದರೆ ಅದೂ ನಮಗೆ ನಡೆಯುತ್ತದೆ. ಸಮಯ ಇದ್ದರೆ ಊಟದ ನಂತರ ಕಾಫಿ ಹೇಳಿ. ಕೆಲವು ಕಡೆ ಕಾಫಿ ಬೀಜವನ್ನು ಅಲ್ಲೇ ಹುರಿದು, ಹೊಗೆಯನ್ನು ನಿಮ್ಮ ಮುಖದ ಹತ್ತಿರ ತಂದು ತೋರಿಸಿ, ಜೆಬೆನಾ ಅನ್ನುವ ಕರಿ ಮಣ್ಣಿನ ಹೂಜಿಯಲ್ಲಿ ಕುದಿಸಿ ಕೊಡುತ್ತಾರೆ. ಜೊತೆಗೆ ಸಾಂಬ್ರಾಣಿ ಹೊಗೆ, ತಟ್ಟೆಯಲ್ಲಿ ಪಾಪ್‌ಕಾರ್ನ್. ಸಂಪ್ರದಾಯದ ಪ್ರಕಾರ ಮೂರು ಸುತ್ತು ಕುಡಿಯಬೇಕು. ಒಂದೂವರೆ ಗಂಟೆ ಇಟ್ಟುಕೊಂಡು ಹೋಗಿ, ಅವಸರ ಮಾಡಬೇಡಿ.

ಅದೆಲ್ಲ ಸರಿ, ಒಳ್ಳೆಯ ದೋಸೆ ಎಲ್ಲಿ ಸಿಗುತ್ತದೆ?
*ದಾವಣಗೆರೆ*

ದಾವಣಗೆರೆ ಬೆಣ್ಣೆ ದೋಸೆ ತಿಂದು ಬೆಳೆದವರಿಗೆ ಹೇಳುವುದಕ್ಕೆ ಸ್ವಲ್ಪ ಭಯ. ಆದರೂ ದಾರಿ ಹೇಳುತ್ತೇನೆ. ಫುಟ್ಸ್‌ಕ್ರೇ ದಾಟಿದರೆ ವೆಸ್ಟ್ ಫುಟ್ಸ್‌ಕ್ರೇ. ಅಲ್ಲಿನ ಬಾರ್ಕ್ಲಿ ಸ್ಟ್ರೀಟಿನಲ್ಲಿ ಸಾಲಾಗಿ ಇಂಡಿಯನ್ ಹೋಟೆಲ್‌ಗಳಿವೆ, ದೋಸಾ ಹಟ್ ಕೂಡ ಅಲ್ಲಿದೆ. ಇನ್ನೊಂದು ಕಡೆ ಡ್ಯಾಂಡಿನಾಂಗ್. ಅಲ್ಲಿನ ಫಾಸ್ಟರ್ ಸ್ಟ್ರೀಟಿಗೆ ಲಿಟಲ್ ಇಂಡಿಯಾ ಅಂತಲೇ ಹೆಸರು, ಬಟ್ಟೆ, ಬಳೆ, ಸಿಹಿ, ದಿನಸಿ ಎಲ್ಲ ಒಂದೇ ಬೀದಿ. ಸಿಟಿಯಿಂದ ದೂರ, ರೈಲಿದೆ. ವಾರಾಂತ್ಯದಲ್ಲಿ ಮಗನೋ ಮಗಳೋ ಕಾರಿನಲ್ಲಿ ಕರೆದುಕೊಂಡು ಹೋಗುವುದಾದರೆ ಕ್ಯಾರಮ್ ಡೌನ್ಸ್‌ನ ಶಿವ-ವಿಷ್ಣು ದೇವಸ್ಥಾನಕ್ಕೆ ಹೋಗಿ. ದರ್ಶನವೂ ಆಯಿತು, ಅಲ್ಲಿನ ಕ್ಯಾಂಟೀನಿನಲ್ಲಿ ಇಡ್ಲಿ-ದೋಸೆಯೂ ಆಯಿತು. ಸುತ್ತ ತಮಿಳು, ತೆಲುಗು, ಕನ್ನಡ ಕಿವಿಗೆ ಬಿದ್ದರೆ ವಯಸ್ಸಾದವರ ಮುಖ ಅರಳುತ್ತದೆ, ನಾನೇ ನೋಡಿದ್ದೇನೆ.

ಡಿಸೆಂಬರ್‌ನಲ್ಲಿ ಬಾಕ್ಸಿಂಗ್ ಡೇ (ಕ್ರಿಸ್‌ಮಸ್ ಮರುದಿನ) ಟೆಸ್ಟ್ ನೋಡಲು ಹೋಗುತ್ತಿದ್ದೇವೆ, ನಾಲ್ವರು ಗೆಳೆಯರು. ಎಂಸಿಜಿ (ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್) ಒಳಗೆ ಊಟದ ಕಥೆ ಏನು?
*ಮೈಸೂರು*

ಮೈಸೂರಿನವರೇ ಕೇಳಿದಿರಿ, ಸಂತೋಷ. ನಿಮ್ಮೂರಲ್ಲೇ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಆ ಮೈದಾನದಲ್ಲಿ ಎರಡೂ ಇನಿಂಗ್ಸಿನಲ್ಲಿ 52 ರನ್‌ಗೆ 6 ವಿಕೆಟ್ ತೆಗೆದು, ಆಸ್ಟ್ರೇಲಿಯಾ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟರು, 1977-78ರ ಸರಣಿ ಅದು. ಒಳಗೆ ಕೂತಾಗ ನೆನಪಿಸಿಕೊಳ್ಳಿ.

ಊಟಕ್ಕೆ ಬರೋಣ. ಎಂಸಿಜಿಗೆ ನಿಮ್ಮದೇ ಊಟ ಒಯ್ಯಬಹುದು. ಗಾಜಿನ ಬಾಟಲಿ, ಡಬ್ಬಿ ಪಾನೀಯ ಬಿಡುವುದಿಲ್ಲ. ಒಳಗೆ ಸಿಗುವುದು ಹೆಚ್ಚಾಗಿ ಮಾಂಸದ ಪೈ, ಚಿಪ್ಸ್, ಹಾಟ್ ಡಾಗ್, ದುಬಾರಿ, ಸಾಲೂ ಉದ್ದ. ನಾವು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗುತ್ತಿದ್ದೆವು. ಒಮ್ಮೆ ಹಿಂದಿನ ಸಾಲಿನ ಆಸ್ಟ್ರೇಲಿಯಾದ ಅಜ್ಜ ಒಬ್ಬರು ವಾಸನೆಗೆ ಬಗ್ಗಿ ನೋಡಿ, ಒಂದು ಮುಷ್ಟಿ ಚಿತ್ರಾನ್ನ ತಿಂದು, ಕಡಲೆಕಾಯಿ ಬೀಜ ಹುಡುಕಿ ಹುಡುಕಿ ತಿಂದರು.

ಡಿಸೆಂಬರ್ 25ಕ್ಕೆ ಮಾತ್ರ ಮೊದಲೇ ತಯಾರಿ ಮಾಡಿಕೊಳ್ಳಿ. ಊರು ಪೂರ್ತಿ ಬಾಗಿಲು ಹಾಕುತ್ತದೆ, ಸೂಪರ್ ಮಾರ್ಕೆಟ್ ಸೇರಿ. ಹಿಂದಿನ ದಿನವೇ ಬ್ರೆಡ್, ಮೊಸರು, ಹಣ್ಣು, ಒಂದೂವರೆ ನಿಮಿಷದಲ್ಲಿ ಬಿಸಿಯಾಗುವ ಅನ್ನದ ಪ್ಯಾಕೆಟ್ ತಂದಿಡಿ. ತೀರಾ ಹಸಿದರೆ ಚೈನಾಟೌನ್ ಕಡೆ ನಡೆಯಿರಿ, ಒಂದೆರಡು ಬಾಗಿಲು ತೆರೆದಿರುತ್ತವೆ. 26ಕ್ಕೆ ಹೋಟೆಲ್ ತೆರೆದಿದ್ದರೂ ರಜಾ ದಿನದ ಸರ್‌ಚಾರ್ಜ್ ಹಾಕುತ್ತಾರೆ, ಸಾಮಾನ್ಯವಾಗಿ ಶೇಕಡಾ 15.

ಟಿಪ್ಸ್ ಎಷ್ಟು ಕೊಡಬೇಕು? ಅಮೆರಿಕದಲ್ಲಿ ಶೇಕಡಾ 20 ಕೊಟ್ಟು ಸುಸ್ತಾಗಿದ್ದೆವು.
*ಶಿವಮೊಗ್ಗ*

ಕೊಡಲೇಬೇಕು ಅಂತ ಏನಿಲ್ಲ. ಅಲ್ಲಿ ಕೆಲಸದವರಿಗೆ ಕಾನೂನಿನ ಪ್ರಕಾರ ಸಂಬಳ ಚೆನ್ನಾಗಿದೆ. ತುಂಬಾ ಖುಷಿಯಾದರೆ ಕೊಡಿ. ಮೆನುವಿನಲ್ಲಿ ಬರೆದ ಬೆಲೆಗೆ ತೆರಿಗೆ ಸೇರಿರುತ್ತದೆ, ಆಮೇಲೆ ಜಿಎಸ್‌ಟಿ ಅಂತ ಸೇರಿಸುವುದಿಲ್ಲ. ಭಾನುವಾರ ಮಾತ್ರ ಬಹಳ ಕಡೆ ಶೇಕಡಾ 10ರಷ್ಟು ಜಾಸ್ತಿ, ಮೆನುವಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ನೀರಿಗೆ 'ಟ್ಯಾಪ್ ವಾಟರ್' ಅಂತ ಹೇಳಿ, ದುಡ್ಡಿಲ್ಲ. ನಲ್ಲಿ ನೀರು ಕುಡಿಯುವುದಕ್ಕೆ ಚೆನ್ನಾಗಿದೆ. ಬರೀ ನೀರು ಅಂದರೆ ಬಾಟಲಿ ತಂದು ಬಿಲ್ ಹಾಕುವುದುಂಟು. ಅಮೆರಿಕ ನೋಡಿದವರಿಗೆ ಇನ್ನೊಂದು ಮಾತು, ಮೆನುವಿನಲ್ಲಿ 'ಆಂಟ್ರೇ' ಅಂತ ಇದ್ದರೆ ಅಲ್ಲಿ ಅದು ಮೊದಲು ಬರುವ ಸಣ್ಣ ತಿಂಡಿ, ಮುಖ್ಯ ಊಟ ಅಲ್ಲ. ಬಾಗಿಲಲ್ಲಿ 'ಬಿವೈಒ' ಅಂತ ಬರೆದಿದ್ದರೆ ನಿಮ್ಮ ವೈನ್ ನೀವೇ ತರಬಹುದು ಅಂತ ಅರ್ಥ, ಊಟದ ಡಬ್ಬಿ ಅಲ್ಲ.

ನಾವು ಮಂಗಳೂರಿನವರು, ಮೀನು-ಮಾಂಸ ಎಲ್ಲ ತಿನ್ನುತ್ತೇವೆ. ನಮಗೇನು ವಿಶೇಷ?
*ಮಂಗಳೂರು*

ಇದಕ್ಕೆ ಉತ್ತರ ನಮ್ಮ ಯಜಮಾನರದ್ದು, ನಾನು ಬರೆದುಕೊಂಡೆ ಅಷ್ಟೆ. ಫಿಶ್ ಅಂಡ್ ಚಿಪ್ಸ್ ಅಂಗಡಿಯಲ್ಲಿ 'ಫ್ಲೇಕ್' ಅಂತ ಕೇಳಿ. ಅದು ಸಣ್ಣ ಜಾತಿಯ ಶಾರ್ಕ್, ಮಂಗಳೂರಿನವರಿಗೆ ತಾಟೆ ಹೊಸದಲ್ಲ, ಮುಳ್ಳಿಲ್ಲ. ಪೊಟ್ಟಣ ಕಟ್ಟಿಸಿಕೊಂಡು ಸೇಂಟ್ ಕಿಲ್ಡಾ ಬೀಚಿಗೆ ಹೋಗಿ ತಿನ್ನಿ, 96ನೇ ನಂಬರ್ ಟ್ರಾಮ್ ಹೋಗುತ್ತದೆ. ಅಲ್ಲಿನ ಸಮುದ್ರ ಹಕ್ಕಿಗಳು ಕೈಯಿಂದಲೇ ಕಿತ್ತುಕೊಳ್ಳುತ್ತವೆ, ಹುಷಾರು. ಸೌತ್ ಮೆಲ್ಬರ್ನ್ ಮಾರ್ಕೆಟ್ಟಿನಲ್ಲಿ ಡಿಮ್ ಸಿಮ್ ತಿನ್ನಿ. ಚೀನೀ ಹೆಸರಿನಂತೆ ಕೇಳಿಸಿದರೂ 1940ರ ದಶಕದಲ್ಲಿ ಮೆಲ್ಬರ್ನ್‌ನಲ್ಲೇ ಹುಟ್ಟಿದ ತಿಂಡಿ, ಮಾಂಸ ಮತ್ತು ಕೋಸು ತುಂಬಿದ ದಪ್ಪ ಕಡುಬು. ಆ ಮಾರ್ಕೆಟ್ ಬುಧವಾರ, ಶುಕ್ರವಾರ, ಶನಿವಾರ, ಭಾನುವಾರ ಮಾತ್ರ. ಚಳಿಗಾಲದಲ್ಲಿ, ಅಂದರೆ ಅವರ ಜೂನ್-ಜುಲೈನಲ್ಲಿ ಹೋದರೆ, ರಿಚ್ಮಂಡ್‌ನ ವಿಕ್ಟೋರಿಯಾ ಸ್ಟ್ರೀಟಿನಲ್ಲಿ ವಿಯೆಟ್ನಾಂ ಫೋ ಸೂಪ್. ದೊಡ್ಡ ಬೋಗುಣಿ, ಮೇಲೆ ಹಸಿ ತುಳಸಿ ಜಾತಿಯ ಸೊಪ್ಪು, ಮೊಳಕೆ, ನಿಂಬೆ. ಶೀತ ಆಗಿದ್ದರೆ ಮೂಗು ಬಿಡುತ್ತದೆ. 109 ಟ್ರಾಮ್ ಹಿಡಿಯಿರಿ.

ಹಲಾಲ್ ಊಟ ಸುಲಭವಾಗಿ ಸಿಗುತ್ತದಾ?
*ಕಲಬುರಗಿ*

ಬಹಳ ಸುಲಭ. ಬ್ರನ್ಸ್‌ವಿಕ್‌ನ ಸಿಡ್ನಿ ರೋಡ್ ಉದ್ದಕ್ಕೂ ಲೆಬನಾನ್, ಟರ್ಕಿಯವರ ಹೋಟೆಲ್‌ಗಳು, 19ನೇ ನಂಬರ್ ಟ್ರಾಮ್. ಡ್ಯಾಂಡಿನಾಂಗ್‌ನ ಥಾಮಸ್ ಸ್ಟ್ರೀಟಿನಲ್ಲಿ ಅಫ್ಘಾನ್ ಬಜಾರ್, ಅಲ್ಲಿನ ಕಾಬೂಲಿ ಪುಲಾವ್, ತಂದೂರಿನಿಂದ ಬರುವ ಉದ್ದನೆ ರೊಟ್ಟಿ ತಪ್ಪಿಸಬೇಡಿ. ಸರ್ಟಿಫಿಕೇಟ್ ಗೋಡೆಗೆ ಹಾಕಿರುತ್ತಾರೆ, ಕಾಣದಿದ್ದರೆ ಕೇಳಿ. ಸಿಡ್ನಿ ರೋಡಿನ ಎ1 ಬೇಕರಿ ಸಸ್ಯಾಹಾರಿಗಳಿಗೂ ಹಬ್ಬ, ಎಳ್ಳು ಮತ್ತು ಜಾತರ್ (ಒಣ ಸೊಪ್ಪಿನ ಮಸಾಲೆ) ಸವರಿದ ಬಿಸಿ ರೊಟ್ಟಿ, ಪಾಲಕ್ ತುಂಬಿದ ತ್ರಿಕೋನ. ಅಷ್ಟು ಕಡಿಮೆ ದುಡ್ಡಿಗೆ ಅಷ್ಟು ಹೊಟ್ಟೆ ತುಂಬುವ ಜಾಗ ಆ ಊರಿನಲ್ಲಿ ಕಡಿಮೆ.

ನಾನು ಕಾಫಿ ಬೆಳೆಗಾರ. ಅಲ್ಲಿ ಕಾಫಿ ಬಹಳ ಚೆನ್ನಾಗಿರುತ್ತದೆ ಅನ್ನುತ್ತಾರೆ, ನಿಜವಾ? ಏನು ಕೇಳಬೇಕು?
*ಚಿಕ್ಕಮಗಳೂರು*

ನಿಜ. ನಮ್ಮ ಫಿಲ್ಟರ್ ಕಾಫಿಯಂತಲ್ಲ, ಚಿಕೋರಿ ಇಲ್ಲ, ಸಕ್ಕರೆ ನೀವೇ ಹಾಕಿಕೊಳ್ಳಬೇಕು. ಹಾಲು ಬೇಕಿದ್ದರೆ 'ಫ್ಲಾಟ್ ವೈಟ್', ಸ್ಟ್ರಾಂಗ್ ಬೇಕಿದ್ದರೆ 'ಮ್ಯಾಜಿಕ್' ಅಂತ ಕೇಳಿ. ಡಬಲ್ ಡಿಕಾಕ್ಷನ್‌ಗೆ ಸ್ವಲ್ಪವೇ ಹಾಲು ಹಾಕಿದ ಹಾಗೆ, ಮೆಲ್ಬರ್ನ್‌ನವರದೇ ಲೆಕ್ಕ ಅದು, ಸಣ್ಣ ಕಪ್ಪು. ಬಿಸಿ ಸಾಲದು ಅನ್ನಿಸುತ್ತದೆ, 'ಎಕ್ಸ್‌ಟ್ರಾ ಹಾಟ್' ಅಂತ ಸೇರಿಸಿ. ಊರವರು ತಮ್ಮ ಬೀದಿಯ ಕೆಫೆಗೆ ಎಷ್ಟು ನಿಷ್ಠರು ಅಂದರೆ, 2008ರಲ್ಲಿ ಸ್ಟಾರ್‌ಬಕ್ಸ್ ಆಸ್ಟ್ರೇಲಿಯಾದಲ್ಲಿದ್ದ 84 ಅಂಗಡಿಗಳಲ್ಲಿ 61 ಮುಚ್ಚಬೇಕಾಯಿತು. ನೀವು ಬೆಳೆಗಾರರು, ಕೌಂಟರಿನಲ್ಲಿ ಬೀಜ ಯಾವ ತೋಟದ್ದು ಅಂತ ಕೇಳಿ ನೋಡಿ. ಊರು, ಎತ್ತರ, ಒಣಗಿಸಿದ ವಿಧಾನ ಎಲ್ಲ ಹೇಳುತ್ತಾರೆ. ಕೂತು ಮಾತಾಡುತ್ತಾರೆ. ಚಾಯ್ ಲಾಟೆ ಮಾತ್ರ ಚಹಾ ಅಂದುಕೊಂಡು ತಗೊಳ್ಳಬೇಡಿ, ಬಹಳ ಕಡೆ ಅದು ಸಿಹಿ ಸಿರಪ್ಪಿಗೆ ಹಾಲು ಬೆರೆಸಿದ್ದು.

ಮಕ್ಕಳ ಜೊತೆ ಗ್ರೇಟ್ ಓಷನ್ ರೋಡ್‌ಗೆ ಒಂದು ದಿನದ ಟೂರ್ ಹೋಗುತ್ತೇವೆ. ದಾರಿಯಲ್ಲಿ ಊಟ?
*ಹುಬ್ಬಳ್ಳಿ*

ಕಟ್ಟಿಕೊಂಡು ಹೋಗಿ. ಬೆಳಗ್ಗೆ ಹೊರಟರೆ ವಾಪಸು ಬರುವುದು ರಾತ್ರಿ. ಲೋರ್ನ್, ಅಪೊಲೊ ಬೇಯಂಥ ಸಣ್ಣ ಊರುಗಳಲ್ಲಿ ನಿಲ್ಲಿಸುತ್ತಾರೆ, ಚಿಪ್ಸ್, ಐಸ್‌ಕ್ರೀಂ, ತರಕಾರಿ ಪೈ ಸಿಗುತ್ತದೆ, ಅಷ್ಟರಲ್ಲಿ ಮಕ್ಕಳ ಹೊಟ್ಟೆ ತುಂಬುವುದಿಲ್ಲ. ಚಪಾತಿ ಸುರುಳಿ, ಬಾಳೆಹಣ್ಣು ಇರಲಿ. ತಿರುವು ಜಾಸ್ತಿ, ಆದ್ದರಿಂದ ಹೊಟ್ಟೆ ಬಿರಿಯ ತಿನ್ನಿಸಿ ಬಸ್ ಹತ್ತಿಸಬೇಡಿ.

ನನಗೆ ಸಿಹಿ ಅಂದರೆ ಪ್ರಾಣ. ಒಂದೇ ಒಂದು ಹೇಳಿ, ಬೇರೆ ಏನೂ ಬೇಡ.
*ಬೆಳಗಾವಿ*

ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ಟಿನ ಬಿಸಿ ಜಾಮ್ ಡೋನಟ್. ಮಾರ್ಕೆಟ್ 1878ರದ್ದು, ಸೋಮವಾರ, ಬುಧವಾರ ರಜೆ, ಫ್ರೀ ಟ್ರಾಮ್ ಅಲ್ಲಿವರೆಗೂ ಹೋಗುತ್ತದೆ. ಹಳೇ ಕಾಲದ ಒಂದು ವ್ಯಾನು ನಿಂತಿರುತ್ತದೆ, 1950ರಿಂದ ಅವರದು ಅದೇ ಕೆಲಸ. ಸಾಲು ನೋಡಿ ಹಿಂದಿರುಗಬೇಡಿ, ಬೇಗ ಮುಂದೆ ಹೋಗುತ್ತದೆ. ಮೊಟ್ಟೆ ತಿನ್ನದವರು ಕಿಟಕಿಯಲ್ಲೇ ಕೇಳಿ ತಿಳಿದುಕೊಳ್ಳಿ. ಎಣ್ಣೆಯಿಂದ ತೆಗೆದು, ಜಾಮ್ ತುಂಬಿಸಿ, ಸಕ್ಕರೆಯಲ್ಲಿ ಹೊರಳಿಸಿ ಕಾಗದದ ಚೀಲದಲ್ಲಿ ಕೊಡುತ್ತಾರೆ. ಚೀಲ ಕೈಗೆ ಬೆಚ್ಚಗಿರುತ್ತದೆ. ಹೊರಗೆ ಗರಿ, ಒಳಗೆ ಮೆತ್ತಗೆ, ನಡುವೆ ಕೆಂಪು ಜಾಮ್ ಕುದಿಯುತ್ತಿರುತ್ತದೆ. ಒಂದು ಕಡೆ ಸಣ್ಣಗೆ ಕಚ್ಚಿ ಹಬೆ ಹೋಗಲು ಬಿಡಿ, ಎರಡು ನಿಮಿಷ ಕಾಯಿರಿ, ಆಮೇಲೆ ತಿನ್ನಿ. ಇಲ್ಲದಿದ್ದರೆ ನಾಲಿಗೆ ಸುಟ್ಟು ಸಂಜೆಯವರೆಗೆ ಬೇರೆ ಯಾವುದರ ರುಚಿಯೂ ಗೊತ್ತಾಗುವುದಿಲ್ಲ.